ಇಪ್ಪತ್ಮೂರು ಲೋಟ, ಒಂದು ಪೂಜೆ

ಚನ್ನಗಿರಿಯಲ್ಲಿ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಬಸ್ ಸ್ಟ್ಯಾಂಡ್ ಎದುರು ಸೈಕಲ್ ಹಿಡಿದು ನಿಂತರೆ ಸಾಕು, ನೀವು ಗುಂಪಿನವರು. ಹೆಸರು ಬರೆಸಬೇಕಿಲ್ಲ, ಚಂದಾ ಇಲ್ಲ, ಅಧ್ಯಕ್ಷರಿಲ್ಲ, ಕಾರ್ಯದರ್ಶಿಯೂ ಇಲ್ಲ. ಈ ಊರಿನಲ್ಲಿ ನಾಲ್ಕು ಜನ ಸೇರಿದರೆ ಮೊದಲು ಹುಟ್ಟುವುದೇ ಅಧ್ಯಕ್ಷಗಿರಿಯ ಜಗಳ. ಅದಕ್ಕೇ ಔಷಧಿ ಅಂಗಡಿಯ ರೇಣುಕಪ್ರಸಾದ್ ಇದನ್ನು ಶುರು ಮಾಡುವಾಗಲೇ ಆ ಕುರ್ಚಿಯನ್ನು ತೆಗೆದುಹಾಕಿದ್ದರು. ಗೇರ್ ಸೈಕಲ್ಲಿನ ಡಾಕ್ಟರೂ ಬರಬಹುದು, ಹಾಲು ಹಾಕುವ ಸೈಕಲ್ಲಿನವನೂ ಬರಬಹುದು. ಇದು ಪಂದ್ಯವಲ್ಲ, ಮಾತಾಡಿಕೊಂಡು ಹೋಗಿಬರುವುದು ಅಷ್ಟೇ. ಮಾತಿಗೆ ಉಸಿರು ಸಾಲದಷ್ಟು ಜೋರಾಗಿ ಯಾರೂ ತುಳಿಯಬಾರದು ಎನ್ನುವುದು ಒಂದು ಕಾನೂನು.

ಇನ್ನೊಂದು ಕಾನೂನಿತ್ತು. ಗುಂಪಿನ ತೀರಾ ಕೊನೆಯಲ್ಲಿ ಒಬ್ಬರು ಇರಬೇಕು, ಅವರು ಯಾರನ್ನೂ ದಾಟಬಾರದು. ಚೈನು ಕಳಚಿದವರು, ಏರಿನಲ್ಲಿ ಏದುಸಿರು ಬಿಡುವವರು, ಯಾರದೋ ಹೊಲದ ಬದುವಿನಲ್ಲಿ ನಿಂತು ಫೋಟೋ ತೆಗೆಯುವವರು, ಎಲ್ಲರನ್ನೂ ಹೊಂದಿಸಿಕೊಂಡು ಬರುವುದು ಆ ಕೊನೆಯವರ ಕೆಲಸ. ಗಾಳಿಪಟದ ಬಾಲಕ್ಕಿರುವ ಹೆಸರನ್ನೇ ಅವರಿಗೂ ಇಟ್ಟಿದ್ದರು: ಬಾಲಂಗೋಚಿ. ಮೂರು ವರ್ಷದಿಂದ ಪ್ರಮೀಳಾ ಬಾಲಂಗೋಚಿ.

ಪ್ರಮೀಳಾ ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡವಳು. ದಿನವಿಡೀ ಪಹಣಿ, ಆಧಾರ್, ಜಾತಿ ಪ್ರಮಾಣಪತ್ರ ಎಂದು ಊರವರ ಬದುಕನ್ನೆಲ್ಲ ಎರಡೆರಡು ಪ್ರತಿ ತೆಗೆದುಕೊಟ್ಟು ಸಂಜೆ ಮನೆಗೆ ಹೋದರೆ ಅತ್ತೆ, ಒಲೆ, ಟಿವಿ. ಗಂಡ ಮಾಲತೇಶ್ ಕೆಟ್ಟವನೇನಲ್ಲ, ಬಾಯಿಂದ ಮಾತು ಹೊರಡಿಸಲು ಮುಹೂರ್ತ ನೋಡಬೇಕು ಅಷ್ಟೇ. ವಾರದಲ್ಲಿ ಅವಳ ನಗು ಕೇಳಿಸುತ್ತಿದ್ದದ್ದು ಭಾನುವಾರದ ಆ ಮೂರು ಗಂಟೆ ಮಾತ್ರ. ಅದೊಂದು ಇಲ್ಲದಿದ್ದರೆ ತಾನೂ ಅಂಗಡಿಯ ಮಶೀನಿನ ಒಂದು ಭಾಗವಾಗಿಬಿಡುತ್ತಿದ್ದೆ ಎಂದು ಅವಳಿಗೆ ಖಾತ್ರಿಯಿತ್ತು.

ಅವಳು ಸೈಕಲ್ ಕಲಿತದ್ದು ಮೂವತ್ತೆಂಟನೇ ವಯಸ್ಸಿನಲ್ಲಿ. ಕಲಿಸಿದವರು ಶಿವಮೂರ್ತಪ್ಪ. ಅಡಿಕೆ ಮಂಡಿಯಲ್ಲಿ ಮೂವತ್ತು ವರ್ಷ ಅಡಿಕೆ ಮುಟ್ಟಿ ದರ್ಜೆ ಹೇಳುತ್ತಿದ್ದ ಮನುಷ್ಯ. ಮಾರುಕಟ್ಟೆಯ ಬಯಲಿನಲ್ಲಿ ಹನ್ನೊಂದು ದಿನ ಅವಳ ಕ್ಯಾರಿಯರ್ ಹಿಡಿದು ಹಿಂದೆ ಓಡಿದ್ದರು. ಸೈಕಲ್ ಕಲಿಸುವವರು ಸಾಮಾನ್ಯವಾಗಿ ಹಿಡಿದುಕೊಂಡಿದ್ದೇನೆ ಎಂದು ಸುಳ್ಳು ಹೇಳಿ ಕೈಬಿಡುತ್ತಾರೆ. ಶಿವಮೂರ್ತಪ್ಪ ಹಾಗಲ್ಲ, ಈಗ ಬಿಡುತ್ತೀನವ್ವ ಎಂದು ಹೇಳಿಯೇ ಬಿಟ್ಟವರು. ಅದುವರೆಗೆ ಬಾಲಂಗೋಚಿಯಾಗಿದ್ದವರೂ ಅವರೇ. ಮೊಣಕಾಲು ನೋವು ಶುರುವಾದಾಗ ಆ ಕೆಲಸವನ್ನು ಅವಳಿಗೆ ಒಪ್ಪಿಸಿದರು.

ಎಣಿಕೆಯ ಪದ್ಧತಿಯನ್ನು ಕಲಿಸಿದವರೂ ಅವರೇ. ಅರ್ಧ ದಾರಿಯಲ್ಲಿ, ಕೆರೆಬಿಳಚಿ ಹತ್ತಿರ, ದುರುಗಕ್ಕನ ಹೋಟೆಲಿನಲ್ಲಿ ಟೀ. ಅಲ್ಲಿ ತಲೆ ಎಣಿಸಲು ಹೋದರೆ ಎಣಿಕೆ ಮುಗಿಯುವುದಿಲ್ಲ. ಒಬ್ಬ ಮಂಡಕ್ಕಿ ತರಲು ಹೋಗಿರುತ್ತಾನೆ, ಇನ್ನೊಬ್ಬ ಬೇಲಿ ಮರೆಗೆ. ಲೋಟಗಳು ಹಾಗೆ ಓಡಾಡುವುದಿಲ್ಲ. ಅದಕ್ಕೇ ಕುಡಿದವರು ತಮ್ಮ ಲೋಟವನ್ನು ಕಲ್ಲುಬೆಂಚಿನ ಮೇಲೆ ಬೋರಲು ಹಾಕಬೇಕು, ಬಾಲಂಗೋಚಿ ಅವನ್ನು ಎಣಿಸಿ ಕೂಗಬೇಕು. ಶಿವಮೂರ್ತಪ್ಪ ಮಾತ್ರ ಲಿಂಗಪೂಜೆಯಾಗದೆ ತೊಟ್ಟು ನೀರೂ ಮುಟ್ಟುವವರಲ್ಲ. ಮನೆಗೆ ಹೋಗಿ ಸ್ನಾನ, ಪೂಜೆ, ಆಮೇಲೇ ಬಾಯಿಗೆ ಏನಾದರೂ. ಉಳಿದವರು ಟೀ ಕುಡಿಯುವಾಗ ಅವರು ಹೋಟೆಲಿನ ಹಿಂದಿನ ಹೊಂಗೆ ಮರದ ಕೆಳಗೆ ಕೂತಿರುತ್ತಿದ್ದರು, ಕೆಲವೊಮ್ಮೆ ಎಲ್ಲರಿಗಿಂತ ಮುಂಚೆ ನಿಧಾನವಾಗಿ ಹೊರಟುಬಿಡುತ್ತಿದ್ದರು. ಹಾಗಾಗಿ ಲೋಟದ ಲೆಕ್ಕಕ್ಕೆ ಅವರ ಹೆಸರಿನ ಒಂದನ್ನು ಬಾಯಲ್ಲೇ ಸೇರಿಸುವುದು ರೂಢಿ. ಹದಿನಾರು ಲೋಟ, ಒಂದು ಪೂಜೆ! ಹೊರಡೋಣ! ಎಲ್ಲರಿಗೂ ಅದೊಂದು ತಮಾಷೆಯಾಗಿತ್ತು, ಅವರಿಗೂ ಕೂಡ.

ಕಾರ್ತೀಕದ ಆ ಭಾನುವಾರ ಹೊನ್ನಾಳಿ, ನ್ಯಾಮತಿಯಿಂದ ಎಂಟು ಜನ ಅತಿಥಿಗಳು ಬಂದಿದ್ದರು. ಒಟ್ಟು ಇಪ್ಪತ್ನಾಲ್ಕು ಸೈಕಲ್. ಹೋಗುವಾಗ ನಾಲೆ ದಂಡೆಯ ಮಣ್ಣುದಾರಿ, ಬರುವಾಗ ಟಾರು ರಸ್ತೆ ಎಂದು ತೀರ್ಮಾನವಾಗಿತ್ತು. ನ್ಯಾಮತಿಯ ಹೈಸ್ಕೂಲಿನಲ್ಲಿ ಆಟ ಹೇಳಿಕೊಡುವ ಚೌಡೇಶ್ವರಿ ಎಂಬಾಕೆ ಹಿಂದೆ ಬಂದು ಪ್ರಮೀಳಾಳ ಜೊತೆಯಾದಳು. ಮುಂದಿನ ವಾರ ನೀವೆಲ್ಲ ಸೂರಗೊಂಡನಕೊಪ್ಪಕ್ಕೆ ಬರಬೇಕು, ಇಡೀ ದಾರಿ ನಾನು ತೋರಿಸುತ್ತೇನೆ ಎಂದು ಹೇಳುತ್ತಾ, ಮೂರು ವರ್ಷದಿಂದ ಬರೀ ಬೆನ್ನು ನೋಡಿಕೊಂಡೇ ಬರುತ್ತಿದ್ದೀರಾ, ಒಂದು ಸಲ ಮುಂದೆ ಬಂದು ನೋಡಿ ಎಂದು ಛೇಡಿಸಿದಳು. ಅದು ಪ್ರಮೀಳಾಳ ಮನಸ್ಸಿಗೆ ನಾಟಿತು. ನಿಜಕ್ಕೂ ಅವಳು ಯಾವತ್ತೂ ಮುಂದೆ ಹೋದವಳಲ್ಲ. ಅಂಗಡಿಯಲ್ಲೂ ಹಿಂದೆ, ಮನೆಯಲ್ಲೂ ಹಿಂದೆ.

ಅವಳ ಹತ್ತಿರದಲ್ಲೇ ಮುಂದೆ ಇದ್ದದ್ದು ಶಿವಮೂರ್ತಪ್ಪ ಒಬ್ಬರೇ, ಉಳಿದವರೆಲ್ಲ ಇನ್ನೂ ಮುಂದಿದ್ದರು. ಅವತ್ತು ಎಂದಿಗಿಂತ ನಿಧಾನವಾಗಿ ತುಳಿಯುತ್ತಿದ್ದರು. ಪಕ್ಕಕ್ಕೆ ಬಂದು ಏನಾಯಿತು ಎಂದು ಕೇಳಿದಳು.

"ಬಲಗೈ ಯಾಕೋ ಜೋಮು ಹಿಡ್ದೈತವ್ವ. ಚಳಿಗೆ ಇರಬೇಕು. ನಡಿ ನೀನು, ನಾನು ಬರ್ತೀನಿ."

ನಡಿ ಎಂದದ್ದಷ್ಟೇ ಅವಳ ಕಿವಿಗೆ ಇಳಿಯಿತು. ಜೋಮು ಎಂದದ್ದೂ ಕೇಳಿಸಿತ್ತು, ಕೇಳಿಸಿಯೂ ಹೋದಳು. ಚೌಡೇಶ್ವರಿಯ ಜೊತೆ ಒಬ್ಬೊಬ್ಬರನ್ನೇ ದಾಟಿಕೊಂಡು ಎಲ್ಲರಿಗಿಂತ ಮುಂದೆ ಹೋದಾಗ ಎದುರಿಗೆ ಒಂದೇ ಒಂದು ಬೆನ್ನೂ ಇರಲಿಲ್ಲ. ಬರೀ ನಾಲೆಯ ನೀರು, ಖಾಲಿ ದಾರಿ, ಮುಖಕ್ಕೆ ಬಡಿಯುವ ತಣ್ಣನೆಯ ಗಾಳಿ. ಇಷ್ಟು ಸುಖ ಪಟ್ಟದ್ದು ಯಾವಾಗ ಎಂದು ಅವಳಿಗೇ ನೆನಪಾಗಲಿಲ್ಲ.

ಏಳು ಗಂಟೆಗೆ ದುರುಗಕ್ಕನ ಹೋಟೆಲ್ ಮುಟ್ಟಿದರು. ಟೀ ಆಯಿತು, ಮಿರ್ಚಿ ಆಯಿತು. ಹೊನ್ನಾಳಿಯ ಕೊಟ್ರೇಶ್ ಎಂಬವನು ತನ್ನ ಮದುವೆಯ ದಿನ ಸೈಕಲ್ಲಿನಿಂದ ಬಿದ್ದು ಪಂಚೆ ಹರಿದುಕೊಂಡ ಕತೆ ಹೇಳಿ ಎಲ್ಲರ ಹೊಟ್ಟೆ ಹುಣ್ಣಾಗುವಂತೆ ನಗಿಸಿದ. ಏಳೂಮುಕ್ಕಾಲು ಹತ್ತಿರ ಬಂದಾಗ ಪ್ರಮೀಳಾ ಬೋರಲು ಲೋಟಗಳನ್ನು ಎಣಿಸಿದಳು. ಇಪ್ಪತ್ಮೂರು. ಹೊರಟಾಗ ಇಪ್ಪತ್ನಾಲ್ಕು. ಲೆಕ್ಕ ಕೂದಲಷ್ಟೂ ಹೆಚ್ಚು ಕಡಿಮೆಯಿಲ್ಲದೆ ಸರಿಹೋಯಿತು.

"ಇಪ್ಪತ್ಮೂರು ಲೋಟ, ಒಂದು ಪೂಜೆ," ಎಂದು ಕೂಗಿದಳು.

ಹೊಂಗೆ ಮರದ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಶಿವಮೂರ್ತಪ್ಪ ಕಾಣುತ್ತಿಲ್ಲವಲ್ಲ ಎಂದು ಯಾರೋ ಕೇಳಿದ್ದಕ್ಕೆ ಮುಂದೆ ಹೊರಟಿರುತ್ತಾರೆ ಎಂದಳು. ಎಷ್ಟೋ ಸಲ ಹಾಗೆ ಹೊರಟಿದ್ದರಲ್ಲ. ಎಲ್ಲರೂ ಟಾರು ರಸ್ತೆ ಹಿಡಿದು ಊರಿಗೆ ಬಂದರು; ದಾರಿಯಲ್ಲಿ ಅವರು ಸಿಗದಿದ್ದಾಗ ಪೂಜೆಗೆ ಮನೆ ಸೇರಿರುತ್ತಾರೆ ಎಂದುಕೊಂಡರು.

ಶಿವಮೂರ್ತಪ್ಪ ಸಿಕ್ಕಿದ್ದು ಒಂಬತ್ತೂವರೆಗೆ, ನಾಲೆ ದಂಡೆಯ ಎರಡನೇ ಮೋರಿಯ ಪಕ್ಕ. ಕುರಿ ಹೊಡೆದುಕೊಂಡು ಬಂದ ಗಾದ್ರಪ್ಪ ನೋಡಿ, ಸೈಕಲ್ ಎತ್ತಿ ಒಂದು ಜಾಲಿ ಮರಕ್ಕೆ ಒರಗಿಸಿ, ಅವರನ್ನು ಯಾರದೋ ಗಾಡಿಗೆ ಹಾಕಿಸಿ ಕಳಿಸಿದ. ಲಕ್ವ ಹೊಡೆದಿತ್ತು. ದಾವಣಗೆರೆಯ ಆಸ್ಪತ್ರೆ ಮುಟ್ಟುವಾಗ ಹನ್ನೆರಡಾಗಿತ್ತು. ಜೀವ ಉಳಿಯಿತು, ಬಲಭಾಗ ಹೋಯಿತು, ಮಾತು ಹೋಯಿತು. ಎರಡು ಗಂಟೆ ಮೊದಲು ತಂದಿದ್ದರೆ ಮಾತೇ ಬೇರೆ ಇತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ.

ಎರಡನೇ ಮೋರಿ ಎಂದು ಕೇಳಿದ ಕೂಡಲೇ ಪ್ರಮೀಳಾಗೆ ಲೆಕ್ಕ ಹೊಳೆಯಿತು. ಅವಳು ಅವರನ್ನು ದಾಟಿದ ಜಾಗದಿಂದ ಅದು ಒಂದು ಕೂಗಿನಷ್ಟೂ ದೂರವಿರಲಿಲ್ಲ. ಅಂದರೆ ಅವರು ಹೋಟೆಲಿಗೆ ಬಂದೇ ಇರಲಿಲ್ಲ. ಅವಳು ಎಣಿಸಿದ ಆ ಒಂದು ಪೂಜೆ ಆಗ ಮಣ್ಣಿನಲ್ಲಿ ಬಿದ್ದಿತ್ತು.

ಊರು ಬೇರೆಯೇ ಕತೆ ಕಟ್ಟಿತು. ಊರಿಗೆ ಸಿಕ್ಕಿದ್ದು ಎರಡು ಎಳೆ. ಹೋಟೆಲಿನಲ್ಲಿ ಎಣಿಕೆ ಸರಿಹೋಗಿತ್ತು ಎನ್ನುವುದು ಒಂದು. ಅವರ ಜೇಬಿನ ಮೊಬೈಲಿನಲ್ಲಿ ಹೆಂಡತಿ ನಿರ್ಮಲಮ್ಮನ ಮೂರು ಮಿಸ್ಡ್ ಕಾಲ್ ಇದ್ದವು, ಏಳು ಇಪ್ಪತ್ತರಿಂದ ಏಳೂವರೆಯ ಒಳಗೆ, ಅದು ಇನ್ನೊಂದು. ಜಗಳೂರಿನಿಂದ ತಂಗಿಯ ಮನೆಯವರು ಹೇಳದೆ ಕೇಳದೆ ಬಂದಿಳಿದಿದ್ದಕ್ಕೆ ಬೇಗ ಬನ್ನಿ ಎನ್ನಲು ಆಕೆ ಮಾಡಿದ್ದ ಫೋನು. ಅಲ್ಲಿಗೆ ಕತೆ ಪೂರ್ತಿಯಾಯಿತು: ಹೋಟೆಲಿನಲ್ಲಿದ್ದ ಶಿವಮೂರ್ತಪ್ಪ ಹೆಂಡತಿಯ ಫೋನ್ ನೋಡಿ, ಯಾರಿಗೂ ಹೇಳದೆ ಹತ್ತಿರದ ದಾರಿಯೆಂದು ನಾಲೆ ದಂಡೆಯಲ್ಲೇ ತಿರುಗಿ ಹೊರಟು, ಅವಸರದಲ್ಲಿ ತುಳಿದು ಬಿದ್ದರು. ಎಲ್ಲಿಯೂ ಸಂದಿಲ್ಲದ ಕತೆ. ನಿಜಕ್ಕೆ ಇಷ್ಟು ಅಚ್ಚುಕಟ್ಟು ಎಲ್ಲಿಂದ ಬರಬೇಕು?

ಮೊದಲ ದಿನವೇ ಹೇಳಿಬಿಡಬೇಕೆಂದು ಪ್ರಮೀಳಾ ಆಸ್ಪತ್ರೆಗೆ ಹೋದಳು. ಅಲ್ಲಿ ನಿರ್ಮಲಮ್ಮ ಅವಳ ಎರಡೂ ಕೈ ಹಿಡಿದುಕೊಂಡು, ಕೊನೆಗೆ ನೋಡಿದವಳು ನೀನೇ ಅಲ್ಲವಾ, ಹೋಟೆಲಿನಲ್ಲಿ ಹೇಗಿದ್ದರು, ಮುಖ ಬಾಡಿತ್ತಾ ಎಂದು ಕೇಳಿದರು. ಚೆನ್ನಾಗಿದ್ದರು ಅಮ್ಮ, ಮರದ ಕೆಳಗೆ ಕೂತಿದ್ದರು, ನನ್ನ ನೋಡಿ ನಕ್ಕರು ಎಂದುಬಿಟ್ಟಳು. ತಪ್ಪಾಗಿ ಎಣಿಸಿದ್ದು ಮೈಮರೆವು, ಇದು ಮೈಮರೆವಲ್ಲ.

ಆಮೇಲೆ ಅವರನ್ನು ಮನೆಗೆ ಕರೆತಂದರು. ಪ್ರಮೀಳಾ ಪ್ರತಿ ಗುರುವಾರ ಅಂಗಡಿ ಮುಚ್ಚಿ ಹೋಗತೊಡಗಿದಳು, ಒಮ್ಮೆ ಹಣ್ಣು, ಒಮ್ಮೆ ಗಂಜಿಗೆ ರಾಗಿ ಹಿಟ್ಟು. ಮಗಳಂತೆ ನೋಡಿಕೊಳ್ಳುತ್ತಾಳೆ ಎಂದು ಬೀದಿಯವರೆಲ್ಲ ಹೊಗಳಿದರು. ಒಂದೊಂದು ಹೊಗಳಿಕೆಯೂ ಅವಳಿಗೆ ಚುಚ್ಚುತ್ತಿತ್ತು, ಆದರೂ ಹೋಗದೆ ಇರಲಾಗುತ್ತಿರಲಿಲ್ಲ.

ಬಂದವರಿಗೆಲ್ಲ ನಿರ್ಮಲಮ್ಮ ಅದೇ ಮಾತು ಹೇಳುತ್ತಿದ್ದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಕರೆದಾಗ ಬಂದವರಲ್ಲ; ಮಂಡಿಯಿಂದ ಕರೆದರೂ ಇಲ್ಲ, ಕಟ್ಟೆ ಹರಟೆಯಿಂದ ಕರೆದರೂ ಇಲ್ಲ. ಊಟ ಆರಿಹೋಗುತ್ತದೆ ಎಂದು ಬಾಗಿಲಲ್ಲಿ ನಿಂತು ಕೂಗಿ ಗಂಟಲು ಹರಿದುಕೊಂಡದ್ದಕ್ಕೆ ಕೊನೆ ಮೊದಲಿಲ್ಲ.

"ಅವತ್ತು ಒಂದು ಫೋನಿಗೆ ತಿರುಗಿ ಹೊರಟ್ರು ನೋಡವ್ವ. ನಾನ್ಯಾಕೆ ಮಾಡಿದ್ನೋ."

ಹೀಗೆ ಹೇಳಿ ಕಣ್ಣೊರೆಸಿಕೊಳ್ಳುವರು. ಆಗೆಲ್ಲ ಮಂಚದ ಮೇಲಿನ ಶಿವಮೂರ್ತಪ್ಪ ದಿಂಬಿನ ಮೇಲೆ ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಿದ್ದರು. ಗಂಟಲಲ್ಲಿ ಏನೋ ಸದ್ದು. ನೋಡಿ, ನಿನ್ನ ತಪ್ಪಲ್ಲ ಅಂತ ಸಮಾಧಾನ ಹೇಳುತ್ತಾರೆ ಎಂದು ನಿರ್ಮಲಮ್ಮ ಇನ್ನಷ್ಟು ಅಳುತ್ತಿದ್ದರು. ಆ ತಲೆ ಯಾಕೆ ಆಡುತ್ತಿದೆಯೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಪ್ರಮೀಳಾಗೆ ಮಾತ್ರ. ಅವಳು ಆ ಕಣ್ಣುಗಳನ್ನು ನೋಡದೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

ಪುಷ್ಯದ ಒಂದು ಗುರುವಾರ, ಮಾತು ಕಲಿಸಲು ವಾರಕ್ಕೊಮ್ಮೆ ಬರುತ್ತಿದ್ದ ಸತೀಶ್ ಕುಮಾರ್ ಎಂಬವರು ಹೊರಡುತ್ತಾ, ಸುಧಾರಣೆ ಚೆನ್ನಾಗಿದೆ, ಇನ್ನು ಮೂರು ನಾಲ್ಕು ತಿಂಗಳಿಗೆ ಸಣ್ಣ ಸಣ್ಣ ಮಾತು ಬಂದರೂ ಬಂದೀತು ಎಂದರು. ನಿರ್ಮಲಮ್ಮ ದೇವರ ಕೋಣೆಗೆ ಓಡಿದರು. ಪ್ರಮೀಳಾಳ ಮನಸ್ಸಿನಲ್ಲಿ ಮೊದಲು ಎದ್ದದ್ದು ಬಾರದಿರಲಿ ಎನ್ನುವ ಮಾತು. ಕ್ಷಣ ಹೊತ್ತು ಅಷ್ಟೇ. ಆದರೆ ಬಂದದ್ದು ಬಂದಿತ್ತು. ತನಗೆ ಸೈಕಲ್ ಕಲಿಸಿದ ಮನುಷ್ಯ ಮೂಕನಾಗಿಯೇ ಇರಲಿ ಎಂದು ಹಾರೈಸಿದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅವತ್ತೂ ಹೇಳದೆ ಎದ್ದು ಬಂದಳು.

ಅದೇ ವಾರದ ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ರೇಣುಕಪ್ರಸಾದ್ ಹೊರಡುವ ಮುಂಚೆ ಎಲ್ಲರನ್ನೂ ನಿಲ್ಲಿಸಿ ಹೊಸ ಕಾನೂನು ಓದಿದರು. ಇನ್ನು ಮುಂದೆ ಬಾಲಂಗೋಚಿಗೆ ಹೇಳದೆ ಯಾರೂ ನಡುದಾರಿಯಲ್ಲಿ ತಿರುಗಿ ಹೋಗುವಂತಿಲ್ಲ. ಶಿವಮೂರ್ತಪ್ಪನವರ ಮೇಲೆ ನಮಗೆ ಗೌರವವಿದೆ, ಆದರೆ ಒಂದು ಮಾತು ಹೇಳಿ ಹೋಗಿದ್ದರೆ ಅವರಿಗೆ ಈ ಗತಿ ಬರುತ್ತಿರಲಿಲ್ಲ. ಪ್ರಮೀಳಾ ಮೇಡಂ ಅಷ್ಟು ಸರಿಯಾಗಿ ಎಣಿಸಿದ್ದರಿಂದಲೇ ಅವರು ಎಲ್ಲಿಯವರೆಗೆ ಬಂದಿದ್ದರೆಂದು ಗೊತ್ತಾಯಿತು ಎಂದರು. ನಾಲ್ಕು ಜನ ಚಪ್ಪಾಳೆ ತಟ್ಟಿದರು.

ಹೇಳಿಯೇ ಕೈಬಿಡುತ್ತಿದ್ದ ಮನುಷ್ಯನ ಮೇಲೆ ಹೇಳದೆ ಹೋದ ಅಪವಾದ. ಪ್ರಮೀಳಾಗೆ ನಿಂತ ನೆಲ ಬಿಸಿಯಾದಂತಾಯಿತು. ತಲೆನೋವು ಎಂದು ಹೇಳಿ ಸೈಕಲ್ ತಿರುಗಿಸಿದವಳು ನೇರ ಶಿವಮೂರ್ತಪ್ಪನವರ ಮನೆಗೆ ಹೋದಳು. ಆ ಭಾನುವಾರಗಳು ಇನ್ನು ತನ್ನ ಪಾಲಿಗಿಲ್ಲ ಎಂದು ದಾರಿಯಲ್ಲೇ ತಿಳಿದಿತ್ತು. ಅದರ ಸಂಕಟ ದೊಡ್ಡದೇ. ಆದರೂ ಒಂದು ಆಸೆ ಅವಳನ್ನು ತುಳಿಸುತ್ತಿತ್ತು: ನಿಜ ಹೇಳಿದರೆ ನಿರ್ಮಲಮ್ಮನ ಎದೆಯ ಭಾರವಾದರೂ ಇಳಿಯುತ್ತದೆ. ಫೋನಿನಿಂದ ಏನೂ ಆಗಲಿಲ್ಲ, ನೀವು ನಿರಪರಾಧಿ ಎಂದು ಹೇಳಿದಂತಾಗುತ್ತದೆ. ಆಕೆ ತನ್ನನ್ನು ಬೈಯಲಿ, ಹೊಡೆಯಲಿ, ಒಬ್ಬರಿಗಾದರೂ ಬಿಡುಗಡೆಯಾಗಲಿ.

ನಿರ್ಮಲಮ್ಮ ಗಂಡನಿಗೆ ಗಂಜಿ ಕುಡಿಸುತ್ತಿದ್ದರು. ಇದೇನು ಭಾನುವಾರ ಬಂದೆ, ಸೈಕಲ್ಲಿಗೆ ಹೋಗಲಿಲ್ಲವಾ ಎಂದು ಕೇಳಿದರು. ಪ್ರಮೀಳಾ ಕುರ್ಚಿಯಲ್ಲಿ ಕೂರದೆ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತಳು.

"ಅಮ್ಮ, ಅಪ್ಪಾಜಿ ಅವತ್ತು ಹೋಟೆಲಿಗೆ ಬಂದೇ ಇರಲಿಲ್ಲ."

ಒಂದು ಸಲ ಬಾಯಿ ತೆರೆದ ಮೇಲೆ ಉಳಿದದ್ದೆಲ್ಲ ತಾನಾಗಿ ಬಂತು. ಕೊನೆಯಲ್ಲಿ ಇರಬೇಕಾದವಳು ಮುಂದೆ ಹೋದದ್ದು, ಕೈ ಜೋಮು ಹಿಡಿದಿದೆ ಎಂದು ಅವರು ಹೇಳಿದ್ದು, ಕೇಳಿಸಿಕೊಂಡೂ ಹೋದದ್ದು, ನೋಡದೆ ಎಣಿಸಿದ್ದು, ಮರದ ಕೆಳಗೆ ಕೂತಿದ್ದರು ನಕ್ಕರು ಎಂದು ಹಸಿ ಸುಳ್ಳು ಹೇಳಿದ್ದು. ಯಾವುದನ್ನೂ ಬಿಡಲಿಲ್ಲ. ನಿಮ್ಮ ಫೋನಿಗೂ ಇದಕ್ಕೂ ಸಂಬಂಧವಿಲ್ಲ ಅಮ್ಮ, ನೀವು ಫೋನ್ ಮಾಡುವ ಎಷ್ಟೋ ಮೊದಲೇ ಅವರು ಬಿದ್ದಿದ್ದರು ಎಂದು ಎರಡೆರಡು ಸಲ ಹೇಳಿದಳು.

ನಿರ್ಮಲಮ್ಮ ಚಮಚವನ್ನು ಬಟ್ಟಲಿನಲ್ಲಿ ಇಟ್ಟರು. ಬೈಗುಳಕ್ಕೆ ಪ್ರಮೀಳಾ ತಲೆ ತಗ್ಗಿಸಿ ಕಾದಳು. ಅದು ಬರಲಿಲ್ಲ. ಟೀಗೆ ಎಷ್ಟು ಹೊತ್ತು ಕೂತಿದ್ದಿರಿ ಎಂದು ಆಕೆ ಕೇಳಿದರು, ಸಾದಾ ದನಿಯಲ್ಲಿ, ಅಡುಗೆಗೆ ಏನು ಮಾಡಿದೆ ಎಂದು ಕೇಳುವ ಹಾಗೆ. ಮುಕ್ಕಾಲು ಗಂಟೆ ಎಂದಳು ಪ್ರಮೀಳಾ. ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದಕ್ಕೆ, ಒಬ್ಬರು ಮದುವೆಯ ಕತೆ ಹೇಳುತ್ತಿದ್ದರು, ನಗುತ್ತಿದ್ದೆವು ಎಂದಳು. ನೀನೂ ನಕ್ಕೆಯಾ ಎಂದದ್ದಕ್ಕೆ ಹೂಂ ಎಂದಳು.

ನಿರ್ಮಲಮ್ಮ ಆಮೇಲೆ ಅವಳ ಕಡೆ ನೋಡಲಿಲ್ಲ. ಗಂಡನ ಕಡೆ ತಿರುಗಿ ಕೂತರು.

"ಹಂಗಾರೆ ನೀವು ನನ್ನ ಫೋನಿಗೆ ತಿರುಗಲಿಲ್ಲ?"

ಶಿವಮೂರ್ತಪ್ಪ ಹೆಂಡತಿಯನ್ನೇ ನೋಡುತ್ತಾ ತಲೆಯನ್ನು ಆ ಕಡೆ ಈ ಕಡೆ ಆಡಿಸಿದರು. ಇಷ್ಟು ದಿನ ಆಡಿಸಿದ ಹಾಗೆಯೇ.

ಆಗ ಪ್ರಮೀಳಾಗೆ ತಾನು ಏನು ಮಾಡಿದೆನೆಂದು ಅರಿವಾಯಿತು. ನಿರ್ಮಲಮ್ಮ ಹೊತ್ತುಕೊಂಡಿದ್ದು ಬರೀ ಭಾರವಲ್ಲ. ಮೂವತ್ತೆಂಟು ವರ್ಷದಲ್ಲಿ ಒಮ್ಮೆಯಾದರೂ ಈ ಮನುಷ್ಯ ತನ್ನ ಕರೆಗೆ ಓಗೊಟ್ಟ ಎನ್ನುವುದೂ ಅದರೊಳಗೇ ಇತ್ತು. ಅದನ್ನೂ ಸೇರಿಸಿ ಅವಳು ಕಿತ್ತುಕೊಂಡಿದ್ದಳು.

"ಬಿದ್ದಿದ್ದಾಗ ರಿಂಗ್ ಕೇಳಿಸ್ತಿತ್ತಾ?" ಎಂದು ನಿರ್ಮಲಮ್ಮ ಕೇಳಿದರು.

ಶಿವಮೂರ್ತಪ್ಪ ಗದ್ದವನ್ನು ಕೆಳಗೆ ಮಾಡಿ ಹೌದೆಂದರು.

"ಮೂರು ಸಲಾನೂ?"

ಮತ್ತೆ ಹೌದೆಂದರು. ಎಡಗೈ ಹೊದಿಕೆಯ ಮೇಲೆ ತಡಕಾಡಿ ಹೆಂಡತಿಯ ಸೆರಗಿನ ತುದಿ ಹಿಡಿಯಿತು. ನಿರ್ಮಲಮ್ಮ ಅದನ್ನು ಬಿಡಿಸಿಕೊಳ್ಳಲಿಲ್ಲ.

"ಬೇಕಂತಾನೇ ಎತ್ತಾಕಿಲ್ಲ ಅಂತ ಬೈಕೊಂಡು ಫೋನ್ ಇಟ್ಟೆ ನಾನು," ಎಂದರು. "ಬಂದೋರಿಗೆಲ್ಲ ನನ್ನ ಫೋನಿಗೆ ತಿರುಗಿದ್ರು ಅಂತ ಹೇಳಿಕೊಂತ ಕೂತೆ. ನೀವು ಅಲ್ಲ, ಅಲ್ಲ ಅಂತಾನೇ ಇದ್ರಿ."

ಬಟ್ಟಲಿನ ಗಂಜಿ ಕೆನೆಗಟ್ಟಿತ್ತು. ಅವರು ಅದನ್ನು ಕಲಸಿ ಒಂದು ಚಮಚ ಎತ್ತಿ ಗಂಡನ ಬಾಯಿಗೆ ಹಿಡಿದರು. ಪ್ರಮೀಳಾಗೆ ಎದ್ದು ಹೋಗು ಎಂದು ಹೇಳಲಿಲ್ಲ, ಕೂತಿರು ಎಂದೂ ಹೇಳಲಿಲ್ಲ.